ಚಂದ್ರಂಪಳ್ಳಿಯ ಮಂಜು, ಸುವಾದ ಮಂಜುಗಡ್ಡೆ: ಚಳಿಗಾಲದ ಬೆಳಗ್ಗೆ ಕೆರೆಯನ್ನು ಓದುವುದು ಹೇಗೆ?

ಹಿಮ ಬಿದ್ದ ಜಪಾನಿನ ಕೆರೆಯ ಫೋಟೋ ನಮ್ಮಲ್ಲಿ ಬಹಳ ಜನರ ಲ್ಯಾಪ್‌ಟಾಪ್‌ನಲ್ಲಿ ಒಂದಲ್ಲ ಒಂದು ಸಲ ವಾಲ್‌ಪೇಪರ್ ಆಗಿ ಕೂತಿರುತ್ತದೆ. ದಂಡೆ ತುಂಬ ಬಿಳಿ ಹಿಮ, ನಡುವೆ ಅಲುಗಾಡದ ನೀರು, ಹಿಂದೆ ಬೆಟ್ಟ. ಆದರೆ ನಮ್ಮದೇ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನಲ್ಲಿ, ಕಾಡಿನ ನಡುವೆ ಇರುವ ಚಂದ್ರಂಪಳ್ಳಿ ಜಲಾಶಯದ ದಂಡೆ ಮೇಲೆ ಡಿಸೆಂಬರ್ ತಿಂಗಳ ನಸುಕಿನಲ್ಲಿ ನಿಂತು ನೋಡಿದವರು ಎಷ್ಟು ಜನ? ಅಲ್ಲಿ ಹಿಮ ಬೀಳುವುದಿಲ್ಲ. ಆದರೆ ಥಂಡಿ ಜೋರಾಗಿದ್ದ ದಿನ ನೀರಿನ ಮೇಲಿಂದ ಬಿಳಿ ಹೊಗೆ ಎದ್ದು ನಿಧಾನಕ್ಕೆ ತೇಲುತ್ತದೆ.

ಈ ಲೇಖನ ಒಂದು ಪಾಠ. ಚಳಿಗಾಲದಲ್ಲಿ ಬೆಳಗ್ಗೆ ಬೆಳಗ್ಗೆ ಕೆರೆ ಸುತ್ತ ವಾಕಿಂಗ್ ಹೋದರೆ ಕಣ್ಣಿಗೆ ಬೀಳುವುದೆಲ್ಲ ಯಾಕೆ ಹಾಗಿದೆ ಅಂತ ಫಸ್ಟ್ ಇಯರ್ ಫಿಸಿಕ್ಸ್ ಮಟ್ಟದಲ್ಲೇ ನೋಡೋಣ. ಎರಡು ಕೆರೆಗಳನ್ನು ಪಕ್ಕಪಕ್ಕ ಇಟ್ಕೊಳ್ಳೋಣ. ಒಂದು ನಮ್ಮ ಚಂದ್ರಂಪಳ್ಳಿ, ಸುಮಾರು 17.5 ಡಿಗ್ರಿ ಉತ್ತರ ಅಕ್ಷಾಂಶ. ಇನ್ನೊಂದು ಜಪಾನಿನ ನಾಗಾನೊ ಪ್ರಾಂತ್ಯದ ಸುವಾ ಕೆರೆ, 36 ಡಿಗ್ರಿ ಅಕ್ಷಾಂಶ, ಸಮುದ್ರ ಮಟ್ಟದಿಂದ 759 ಮೀಟರ್ ಎತ್ತರ. ಸುವಾದ ಸುತ್ತಳತೆ ಸುಮಾರು 16 ಕಿ.ಮೀ. ಅಂದರೆ ಒಂದು ಬೆಳಗ್ಗೆ ಪೂರ್ತಿ ಸುತ್ತಿ ಬರಬಹುದಾದ ಕೆರೆ. ಸುವಾ ಯಾಕೆ ಆರಿಸಿಕೊಂಡೆ ಅಂದರೆ, ಆ ಕೆರೆಯ ಬಗ್ಗೆ ಒಂದು ಪುಸ್ತಕವಿದೆ. ಅದರ ವಿಷಯ ಕೊನೆಗೆ ಬರುತ್ತದೆ, ಯಾಕಂದರೆ ಈ ಪಾಠದ ಹೋಮ್‌ವರ್ಕ್ ಅದೇ.

ಶುರು ಮಾಡುವ ಮೊದಲು ಪದಗಳ ವಿಷಯ. ಕನ್ನಡದಲ್ಲಿ ನಾವು 'ಮಂಜು' ಅನ್ನುವ ಒಂದೇ ಪದವನ್ನು ಎಲ್ಲದಕ್ಕೂ ಬಳಸಿಬಿಡ್ತೀವಿ. ಇಲ್ಲಿ ಹೀಗೆ ಇಟ್ಕೊಳ್ಳೋಣ: ಗಾಳಿಯಲ್ಲಿ ತೇಲುವ ಸಣ್ಣ ನೀರಹನಿಗಳು ಮಂಜು, ಹುಲ್ಲಿನ ಮೇಲೆ ಕೂತ ಹನಿ ಇಬ್ಬನಿ, ಆಕಾಶದಿಂದ ಬೀಳುವ ಬಿಳಿ ಹರಳು ಹಿಮ, ಹೆಪ್ಪುಗಟ್ಟಿದ ನೀರು ಮಂಜುಗಡ್ಡೆ. ಚಂದ್ರಂಪಳ್ಳಿಯಲ್ಲಿ ಮೊದಲ ಎರಡು ಸಿಗುತ್ತವೆ. ಸುವಾದಲ್ಲಿ ನಾಲ್ಕೂ ಸಿಗುತ್ತವೆ, ಅಥವಾ ಸಿಗುತ್ತಿದ್ದವು.

1. ನೀರು ಯಾಕೆ ಬೆಚ್ಚಗಿದೆ?

ದಂಡೆಗೆ ಹೋದ ತಕ್ಷಣ ಮೊದಲು ಮಾಡಬೇಕಾದ ಕೆಲಸ ನೀರಿಗೆ ಕೈ ಹಾಕೋದು. ಸ್ವೆಟರ್ ಹಾಕಿಕೊಂಡು ನಡುಗುತ್ತಾ ಬಂದವರಿಗೆ ನೀರು ಬೆಚ್ಚಗೆ ಅನ್ನಿಸುತ್ತದೆ. ನಮ್ಮ ಊರುಗಳಲ್ಲಿ ಹಿರಿಯರು 'ಬಾವಿ ನೀರು ಥಂಡಿಯಾಗ ಬೆಚ್ಚಗ ಇರ್ತದ' ಅಂತ ಹೇಳುವುದು ಕೇಳಿರ್ತೀರಿ. ಕೆರೆಗೂ ಇದು ಅನ್ವಯಿಸುತ್ತದೆ, ಕಾರಣ ಮಾತ್ರ ಸ್ವಲ್ಪ ಬೇರೆ.

ಲೆಕ್ಕ ಮಾಡೋಣ. ಕೆರೆಯ ಒಂದು ಚದರ ಮೀಟರ್ ಜಾಗ ತಗೊಳ್ಳಿ, ಆಳ 5 ಮೀಟರ್ ಅನ್ಕೊಳ್ಳಿ. ಅದರಲ್ಲಿ 5 ಘನ ಮೀಟರ್ ನೀರು, ಅಂದರೆ 5,000 ಕೆ.ಜಿ. ಒಂದು ಕೆ.ಜಿ. ನೀರು ಒಂದು ಡಿಗ್ರಿ ತಣ್ಣಗಾಗಲು 4.18 ಕಿಲೋಜೂಲ್ ಶಾಖ ಬಿಡಬೇಕು. ಹಾಗಾದರೆ ಈ ಕಂಬ ಪೂರ್ತಿ ಒಂದು ಡಿಗ್ರಿ ತಣ್ಣಗಾಗಲು ಸುಮಾರು 21 ಮೆಗಾಜೂಲ್ ಹೋಗಬೇಕು. ಮೋಡವಿಲ್ಲದ ರಾತ್ರಿ ಕೆರೆಯ ಮೇಲ್ಮೈ ಆಕಾಶಕ್ಕೆ ಶಾಖ ಬಿಡುತ್ತಲೇ ಇರುತ್ತದೆ. ಲೆಕ್ಕಕ್ಕೆ ಚದರ ಮೀಟರಿಗೆ 100 ವ್ಯಾಟ್ ಅಂತ ಇಟ್ಟುಕೊಂಡರೆ, 12 ಗಂಟೆಯಲ್ಲಿ 4.3 ಮೆಗಾಜೂಲ್ ಆಯಿತು. 4.3 ಭಾಗಿಸು 21. ಉತ್ತರ ಸುಮಾರು 0.2 ಡಿಗ್ರಿ.

ಅಂದರೆ ರಾತ್ರಿಯಿಡೀ ಶಾಖ ಕಳಕೊಂಡರೂ ಕೆರೆ ಇಳಿಯುವುದು 0.2 ಡಿಗ್ರಿ ಮಾತ್ರ. ಅದೇ ರಾತ್ರಿ ಪಕ್ಕದ ಹೊಲದ ಮೇಲಿನ ಗಾಳಿ 12–15 ಡಿಗ್ರಿ ಇಳಿದಿರಬಹುದು. ಮಾರನೇ ದಿನ ಬಿಸಿಲು ಬಂದು ಕೆರೆಯ ನಷ್ಟದ ದೊಡ್ಡ ಭಾಗ ತುಂಬಿಕೊಡುತ್ತದೆ. ಆದ್ದರಿಂದ ಕೆರೆಗೆ ನಿನ್ನೆ ಮೊನ್ನೆಯ ಥಂಡಿ ಅಷ್ಟಾಗಿ ತಾಗುವುದಿಲ್ಲ. ಅದು ಇಡೀ ತಿಂಗಳ ಸರಾಸರಿಯನ್ನು ಹೊತ್ತುಕೊಂಡಿರುತ್ತದೆ. ಎಲೆಕ್ಟ್ರಾನಿಕ್ಸ್ ಗೆಳೆಯರ ಭಾಷೆಯಲ್ಲಿ ಹೇಳೋದಾದರೆ ಕೆರೆ ಒಂದು ದೊಡ್ಡ ಕೆಪಾಸಿಟರ್, ಸಣ್ಣ ಏರಿಳಿತಗಳನ್ನು ಫಿಲ್ಟರ್ ಮಾಡಿಬಿಡುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

2. ಹೊಗೆ ಎಲ್ಲಿಂದ ಬಂತು?

ನೀರಿನ ಮೇಲೆ ಏಳುವ ಹೊಗೆ ನೋಡಿ ನೀರು ಕುದೀತಿದೆಯೇನೋ ಅನ್ನಿಸುತ್ತದೆ. ನಿಜವಾಗಿ ಅದು ಎರಡು ಗಾಳಿಗಳ ಮಿಶ್ರಣ. ನೀರಿಗೆ ಅಂಟಿಕೊಂಡಿರುವ ತೆಳು ಪದರದ ಗಾಳಿ ಬೆಚ್ಚಗೆ, ತೇವ ತುಂಬಿಕೊಂಡು ಇರುತ್ತದೆ. ಅದರ ಮೇಲೆ ದಂಡೆಯಿಂದ ಜಾರಿ ಬಂದ ತಣ್ಣನೆ ಗಾಳಿ ಇರುತ್ತದೆ.

ಒಂದು ಉದಾಹರಣೆ. ನೀರು 22 ಡಿಗ್ರಿ, ಗಾಳಿ 10 ಡಿಗ್ರಿ ಅಂತ ಇಟ್ಕೊಳ್ಳಿ. 22 ಡಿಗ್ರಿಯಲ್ಲಿ ಗಾಳಿ ಹಿಡಿದಿಡಬಲ್ಲ ಆವಿಯ ಒತ್ತಡ 26.4 ಹೆಕ್ಟೊಪ್ಯಾಸ್ಕಲ್. 10 ಡಿಗ್ರಿಯಲ್ಲಿ ಅದು 12.3 ಮಾತ್ರ. ಮೇಲಿನ ತಣ್ಣನೆ ಗಾಳಿಯ ಆರ್ದ್ರತೆ 90% ಅಂದರೆ ಅದರಲ್ಲಿ 11 ಹೆಕ್ಟೊಪ್ಯಾಸ್ಕಲ್‌ನಷ್ಟು ಆವಿ ಇದೆ. ಈಗ ಎರಡನ್ನೂ ಅರ್ಧರ್ಧ ಬೆರೆಸಿ. ಉಷ್ಣಾಂಶ ಸರಾಸರಿ 16 ಡಿಗ್ರಿ, ಆವಿ ಸರಾಸರಿ 18.7. ಆದರೆ 16 ಡಿಗ್ರಿಯಲ್ಲಿ ಗಾಳಿ ಹಿಡಿಯಬಲ್ಲದ್ದು 18.2 ಅಷ್ಟೇ. ಉಳಿದ 0.5ಕ್ಕೆ ಜಾಗವೇ ಇಲ್ಲ. ಅದು ಹನಿಯಾಗಿ ಹೊರಬರುತ್ತದೆ. ಅದೇ ನಮಗೆ ಕಾಣುವ ಹೊಗೆ.

ಇಲ್ಲಿ ಮಜಾ ಏನಂದರೆ ಬೆರೆಯುವ ಎರಡು ಗಾಳಿಗಳಲ್ಲಿ ಯಾವುದರಲ್ಲೂ ಮೊದಲು ಮಂಜು ಇರಲಿಲ್ಲ. ಮಿಶ್ರಣದಲ್ಲಿ ಮಾತ್ರ ಹುಟ್ಟಿತು. ಆವಿಯ ಗ್ರಾಫ್ ನೇರ ಗೆರೆಯಾಗಿದ್ದರೆ ಇದು ಆಗುತ್ತಿರಲಿಲ್ಲ. ಅದು ಮೇಲಕ್ಕೆ ಬಾಗಿದ ವಕ್ರರೇಖೆ ಆದ್ದರಿಂದ ಎರಡು ಬಿಂದುಗಳನ್ನು ಸೇರಿಸುವ ಗೆರೆ ವಕ್ರರೇಖೆಗಿಂತ ಮೇಲೆ ಹೋಗುತ್ತದೆ. ಮ್ಯಾಥ್ಸ್‌ನಲ್ಲಿ ಕಾನ್ವೆಕ್ಸ್ ಫಂಕ್ಷನ್ ಅಂತ ಓದಿದ್ದು ಇಲ್ಲಿ ಕೆರೆ ಮೇಲೆ ತೇಲುತ್ತಾ ಇದೆ.

ಇದರಿಂದ ಒಂದು ಪ್ರಾಕ್ಟಿಕಲ್ ಸೂತ್ರ ಸಿಗುತ್ತದೆ: ನೀರಿಗೂ ಗಾಳಿಗೂ ವ್ಯತ್ಯಾಸ ಹೆಚ್ಚಿದ್ದಷ್ಟೂ ಹೊಗೆ ಹೆಚ್ಚು. ಆದ್ದರಿಂದ ಸೀಸನ್ನಿನ ಮೊದಲ ಜೋರು ಥಂಡಿಯ ದಿನ, ಕೆರೆ ಇನ್ನೂ ಬೆಚ್ಚಗಿರುವಾಗ, ಹೊಗೆ ಚೆನ್ನಾಗಿ ಕಾಣುತ್ತದೆ.

3. ತಗ್ಗಿನಲ್ಲಿ ಯಾಕೆ ಹೆಚ್ಚು ಥಂಡಿ?

ಏರಿ ಇಳಿದು ತಗ್ಗಿಗೆ ಬಂದರೆ ಥಂಡಿ ಒಮ್ಮೆಲೇ ಹೆಚ್ಚಾಗುವುದು ಬೈಕ್ ಓಡಿಸುವ ಎಲ್ಲರಿಗೂ ಗೊತ್ತು. ಹಗಲಲ್ಲಿ ಮೇಲೆ ಹೋದಷ್ಟು ತಂಪು, ರಾತ್ರಿ ಮಾತ್ರ ಯಾಕೆ ಉಲ್ಟಾ?

ರಾತ್ರಿ ನೆಲ ಶಾಖ ಬಿಟ್ಟು ತಣ್ಣಗಾಗುತ್ತದೆ, ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ತಣ್ಣನೆ ಗಾಳಿ ಭಾರ. ಅದು ನೀರಿನ ಹಾಗೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಅದರ ಮೇಲೆ ಬೆಚ್ಚನೆ ಗಾಳಿಯ ಮುಚ್ಚಳ. ಇದಕ್ಕೆ ಉಷ್ಣ ವಿಲೋಮ ಅಂತಾರೆ. ಭಾರದ್ದು ಕೆಳಗೆ, ಹಗುರವಾದದ್ದು ಮೇಲೆ, ಆದ್ದರಿಂದ ಎರಡೂ ಬೆರೆಯುವುದೇ ಇಲ್ಲ.

ನಮ್ಮ ಭಾಗದಲ್ಲಿ ಇದನ್ನು ನೋಡಲು ಕೆರೆಗೇ ಹೋಗಬೇಕಿಲ್ಲ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಕಡೆ ನೆಲದಡಿ ಪದರ ಪದರವಾಗಿ ಸುಣ್ಣದಕಲ್ಲು ಇದೆ. ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಫರ್ಸಿ ಅದೇ. ಆ ಕಲ್ಲು ತೆಗೆದು ಬಿಟ್ಟ ಹಳೆಯ ಗಣಿ ಗುಂಡಿಗಳಲ್ಲಿ ಮಳೆ ನೀರು ನಿಂತು ಕೆರೆಗಳಾಗಿವೆ. ಚಳಿಗಾಲದ ನಸುಕಿನಲ್ಲಿ ಈ ಗುಂಡಿಗಳು ಮಂಜು ತುಂಬಿದ ಬಟ್ಟಲಿನ ಹಾಗೆ ಕಾಣುತ್ತವೆ. ರಸ್ತೆಯಿಂದ ನೋಡಿ ಸಾಕು. ಗುಂಡಿಯ ಅಂಚು ಕಡಿದಾಗಿರುತ್ತದೆ, ಆಳ ಗೊತ್ತಾಗುವುದಿಲ್ಲ. ಈಜು ಬಂದರೂ ಇಳಿಯಬೇಡಿ.

ಇದೇ ಹೊತ್ತಿಗೆ ಸಿಮೆಂಟ್ ಕಾರ್ಖಾನೆಗಳಿರುವ ಪ್ರದೇಶದಲ್ಲಿ ಆಕಾಶ ನೋಡಿ. ಹಗಲು ಮೇಲಕ್ಕೆ ಹೋಗಿ ಚದುರುವ ಹೊಗೆ, ವಿಲೋಮ ಇರುವ ಬೆಳಗ್ಗೆ ಒಂದು ಎತ್ತರದಲ್ಲಿ ನಿಂತು ಹಾಳೆಯ ಹಾಗೆ ಅಡ್ಡಡ್ಡ ಹರಡುತ್ತದೆ. ಚಿಮಣಿಯನ್ನು ಎತ್ತರ ಕಟ್ಟುವುದಕ್ಕೆ ಒಂದು ಕಾರಣ ಇದು. ಮುಚ್ಚಳದ ಕೆಳಗೆ ಬಿಟ್ಟ ಧೂಳು ಮುಚ್ಚಳದ ಕೆಳಗೇ, ಅಂದರೆ ನಾವು ಉಸಿರಾಡುವ ಗಾಳಿಯಲ್ಲೇ ಉಳಿಯುತ್ತದೆ. ಬಿಸಿಲು ಏರಿ ನೆಲ ಕಾದ ಮೇಲೆ ಮುಚ್ಚಳ ಒಡೆಯುತ್ತದೆ.

ಮಂಜು ಇಲ್ಲಿ ಬರೀ ಫೋಟೋದ ವಿಷಯ ಅಲ್ಲ ಅನ್ನುವುದಕ್ಕೆ ಇನ್ನೊಂದು ಕಾರಣ ತೊಗರಿ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಸಿಕ್ಕಿದೆ. ಚಳಿಗಾಲ ಶುರುವಾಗುವ ಹೊತ್ತಿಗೆ ತೊಗರಿ ಹೂವು, ಕಾಯಿ ಹಿಡಿಯುವ ಹಂತದಲ್ಲಿರುತ್ತದೆ. ಆ ವಾರಗಳಲ್ಲಿ ದಟ್ಟ ಮಂಜು ಬಿದ್ದರೆ ಹೂ ಉದುರುತ್ತದೆ ಅಂತ ನಮ್ಮ ಭಾಗದ ರೈತರು ಹೇಳುತ್ತಾರೆ. ನಾಲ್ಕು ದಿನ ಮಂಜು ಬಿದ್ದರೆ ಮನೆಯಲ್ಲಿ ಮಾತು ಕಡಿಮೆಯಾಗುವ ಕುಟುಂಬಗಳಿಂದ ಬಂದವರು ನಮ್ಮ ಕ್ಲಾಸಿನಲ್ಲೇ ಇದ್ದಾರೆ.

4. ನೀರಿನ ನಾಲ್ಕು ಡಿಗ್ರಿ

ಈಗ ಸುವಾಗೆ ಹೋಗೋಣ. ಅಲ್ಲಿ ಜನವರಿಯಲ್ಲಿ ರಾತ್ರಿ ಉಷ್ಣಾಂಶ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ನೀರು ಹೆಪ್ಪುಗಟ್ಟುವುದು ಹೇಗೆ? 'ಥಂಡಿಗೆ' ಅಂದರೆ ಅರ್ಧ ಉತ್ತರ.

ಸಾಮಾನ್ಯ ದ್ರವ ತಣ್ಣಗಾದಷ್ಟು ಸಾಂದ್ರವಾಗುತ್ತಾ ಹೋಗುತ್ತದೆ. ನೀರು 4 ಡಿಗ್ರಿ ತನಕ ಹಾಗೇ ಮಾಡುತ್ತದೆ. ಅಲ್ಲಿ ಅದರ ಸಾಂದ್ರತೆ ಘನ ಸೆಂ.ಮೀ.ಗೆ 0.99997 ಗ್ರಾಂ. ಅದಕ್ಕಿಂತ ತಣ್ಣಗಾದರೆ ಮತ್ತೆ ಹಗುರವಾಗುತ್ತದೆ. 0 ಡಿಗ್ರಿಯಲ್ಲಿ 0.99984. ಮಂಜುಗಡ್ಡೆ ಆದ ಮೇಲೆ 0.917. ಹೈಡ್ರೋಜನ್ ಬಂಧಗಳು ಅಣುಗಳನ್ನು ಜಾಲರಿಯ ಹಾಗೆ ದೂರ ದೂರ ನಿಲ್ಲಿಸುವುದು ಇದಕ್ಕೆ ಕಾರಣ.

ಇದರ ಪರಿಣಾಮ ದೊಡ್ಡದು. ಚಳಿಗಾಲ ಶುರುವಾದಾಗ ಸುವಾದ ಮೇಲಿನ ನೀರು ತಣ್ಣಗಾಗಿ ಮುಳುಗುತ್ತದೆ, ಕೆಳಗಿನದು ಮೇಲೆ ಬರುತ್ತದೆ. ಇಡೀ ಕೆರೆ 4 ಡಿಗ್ರಿಗೆ ಬರುವ ತನಕ ಹೀಗೇ ಮಗುಚುತ್ತಿರುತ್ತದೆ. ಆಮೇಲೆ ಮಗುಚುವುದು ನಿಲ್ಲುತ್ತದೆ. 3 ಡಿಗ್ರಿಯ ನೀರು 4 ಡಿಗ್ರಿಯ ನೀರಿನ ಮೇಲೆ ತೇಲುತ್ತದೆ. ಇನ್ನು ಮೇಲಿನ ತೆಳು ಪದರವಷ್ಟೇ ತಣ್ಣಗಾದರೆ ಸಾಕು, ಮಂಜುಗಡ್ಡೆ ಕಟ್ಟುತ್ತದೆ. ಕೆಳಗೆ ನೀರು ದ್ರವವಾಗಿಯೇ ಉಳಿಯುತ್ತದೆ, ಮೀನು ಬದುಕುತ್ತದೆ. ನೀರಿಗೆ ಈ ಗುಣ ಇಲ್ಲದಿದ್ದರೆ ಕೆರೆಗಳು ತಳದಿಂದ ಗಟ್ಟಿಯಾಗುತ್ತಾ ಬರುತ್ತಿದ್ದವು.

ಚಂದ್ರಂಪಳ್ಳಿ ಎಂದೂ 4 ಡಿಗ್ರಿ ಹತ್ತಿರ ಹೋಗುವುದಿಲ್ಲ. ಹಾಗಾಗಿ ಅಲ್ಲಿ ತಣ್ಣನೆಯದು ಯಾವಾಗಲೂ ಕೆಳಗೆ. ಆದರೆ ಅಲ್ಲೂ ಒಂದು ವಿಷಯ ಗಮನಿಸಬೇಕು. 4 ಡಿಗ್ರಿಯಿಂದ 5ಕ್ಕೆ ಹೋದರೆ ಸಾಂದ್ರತೆ 0.000008 ಮಾತ್ರ ಬದಲಾಗುತ್ತದೆ. 24ರಿಂದ 25ಕ್ಕೆ ಹೋದರೆ 0.00025. ಸುಮಾರು 30 ಪಟ್ಟು ಹೆಚ್ಚು! ಅಂದರೆ ನಮ್ಮ ಬೆಚ್ಚನೆ ಕೆರೆಗಳಲ್ಲಿ ಒಂದೆರಡು ಡಿಗ್ರಿ ವ್ಯತ್ಯಾಸವೇ ಪದರಗಳನ್ನು ಗಟ್ಟಿಯಾಗಿ ಬೇರೆ ಮಾಡಿಬಿಡುತ್ತದೆ. ಬೇಸಿಗೆಯಲ್ಲಿ ಆಳದ ಕೆರೆಯ ತಳದ ನೀರಿಗೆ ಮೇಲಿನ ಆಮ್ಲಜನಕ ತಲುಪುವುದೇ ಕಷ್ಟ. ಚಳಿಗಾಲದಲ್ಲಿ ಮೇಲ್ಮೈ ತಣ್ಣಗಾಗಿ ಮುಳುಗಿದಾಗ ತಳಕ್ಕೆ ಹೊಸ ಉಸಿರು ಸಿಗುತ್ತದೆ. ತಣ್ಣನೆ ನೀರು ಆಮ್ಲಜನಕವನ್ನೂ ಹೆಚ್ಚು ಹಿಡಿಯುತ್ತದೆ: 30 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 7.6 ಮಿ.ಗ್ರಾಂ, 22 ಡಿಗ್ರಿಯಲ್ಲಿ 8.7. ಹಿಮ ಬೀಳದಿದ್ದರೂ ನಮ್ಮ ಕೆರೆಗೂ ಚಳಿಗಾಲ ಬೇಕು ಅನ್ನುವುದು ಇದಕ್ಕೇ.

5. ಒಂದು ಕೆರೆ ಹೆಪ್ಪುಗಟ್ಟುತ್ತದೆ, ಇನ್ನೊಂದು ಇಲ್ಲ

ಜಪಾನಿನಲ್ಲೇ ದಂಡೆ ತುಂಬ ಹಿಮ ಬಿದ್ದರೂ ಹೆಪ್ಪುಗಟ್ಟದ ಕೆರೆ ಇದೆ. ಅಕಿತಾ ಪ್ರಾಂತ್ಯದ ತಜಾವಾ ಕೆರೆ. ಸುವಾಗಿಂತ ಉತ್ತರಕ್ಕಿದೆ, ಹಿಮವೂ ಜೋರು. ಆದರೂ ನೀರು ನೀಲಿಯಾಗಿ ತೆರೆದೇ ಇರುತ್ತದೆ. ಕಾರಣ ಆಳ. ತಜಾವಾ ಜಪಾನಿನ ಅತಿ ಆಳದ ಕೆರೆ, 423 ಮೀಟರ್. ಸುವಾದ ಗರಿಷ್ಠ ಆಳ ಸುಮಾರು 7 ಮೀಟರ್.

ನಮ್ಮ ಹಳೆಯ ಲೆಕ್ಕವನ್ನೇ ಬಳಸೋಣ. 5 ಮೀಟರ್ ನೀರು 24ರಿಂದ 4 ಡಿಗ್ರಿಗೆ ಬರಲು 20 × 21, ಅಂದರೆ ಸುಮಾರು 420 ಮೆಗಾಜೂಲ್. ಹಗಲು ರಾತ್ರಿ ಸೇರಿ ನಿವ್ವಳ 100 ವ್ಯಾಟ್ ನಷ್ಟ ಅಂದರೆ ದಿನಕ್ಕೆ 8.64 ಮೆಗಾಜೂಲ್. ಸುಮಾರು 48 ದಿನ ಸಾಕು. ಆಮೇಲೆ 10 ಸೆಂ.ಮೀ. ಮಂಜುಗಡ್ಡೆ ಕಟ್ಟಲು 92 ಕೆ.ಜಿ. × 334 ಕಿಲೋಜೂಲ್, ಅಂದರೆ 31 ಮೆಗಾಜೂಲ್. ನಾಲ್ಕು ದಿನವೂ ಬೇಡ.

ಆಳದ ಕೆರೆಯಲ್ಲಿ ಬೇಸಿಗೆಯ ಶಾಖ ಮೇಲಿನ 50 ಮೀಟರಿನಲ್ಲಿ ಸೇರಿಕೊಂಡಿದೆ, ಅಷ್ಟೂ ನೀರು ಸರಾಸರಿ 10 ಡಿಗ್ರಿ ಇಳಿಯಬೇಕು ಅಂತ ಇಟ್ಕೊಳ್ಳಿ. 2,090 ಮೆಗಾಜೂಲ್ ಆಯಿತು. ಅದೇ ವೇಗದಲ್ಲಿ 242 ದಿನ. ಅಷ್ಟರಲ್ಲಿ ಚೆರ್ರಿ ಹೂ ಅರಳಿ ಉದುರಿರುತ್ತದೆ! ನಿಜವಾದ ಸಂಖ್ಯೆಗಳು ಗಾಳಿ ಬಿಸಿಲಿನ ಮೇಲೆ ಬದಲಾಗುತ್ತವೆ, ಆದರೆ ವ್ಯತ್ಯಾಸದ ಅಳತೆ ಗೊತ್ತಾಯಿತಲ್ಲ.

ಇದರ ಇನ್ನೊಂದು ಮುಖ: ಆಳ ಕಡಿಮೆ ಇರುವ ಸುವಾ ಬಹಳ ಸೂಕ್ಷ್ಮ. ಚಳಿಗಾಲ ಸ್ವಲ್ಪ ಬೆಚ್ಚಗಾದರೂ ಹೆಪ್ಪುಗಟ್ಟುವುದು ತಪ್ಪಿಹೋಗುತ್ತದೆ. ಹಾಗಾಗಿ ಅದು ಒಳ್ಳೆಯ ಥರ್ಮಾಮೀಟರ್.

6. ಮಂಜುಗಡ್ಡೆ ಮೇಲಿನ ದೇವರ ದಾರಿ

ಸುವಾ ಪೂರ್ತಿ ಹೆಪ್ಪುಗಟ್ಟಿ ಥಂಡಿ ಇನ್ನೂ ಜೋರಾದರೆ, ರಾತ್ರಿ ಗುಡುಗಿನಂಥ ಸದ್ದಾಗಿ ಬೆಳಗ್ಗೆ ಕೆರೆಯ ಒಂದು ದಂಡೆಯಿಂದ ಇನ್ನೊಂದು ದಂಡೆಗೆ ಮಂಜುಗಡ್ಡೆಯ ಏಣು ಎದ್ದಿರುತ್ತದೆ. ಅದಕ್ಕೆ ಓಮಿವತಾರಿ ಅಂತಾರೆ, ದೇವರು ದಾಟಿದ ದಾರಿ ಅಂತ ಅರ್ಥ. ಒಂದು ದಂಡೆಯ ಗುಡಿಯಲ್ಲಿರುವ ದೇವರು ಕೆರೆ ದಾಟಿ ಆಚೆ ದಂಡೆಯ ಗುಡಿಯಲ್ಲಿರುವ ತನ್ನ ಹೆಂಡತಿಯನ್ನು ನೋಡಲು ಹೋದ ಹೆಜ್ಜೆ ಅದು ಅನ್ನುವುದು ಅಲ್ಲಿಯ ನಂಬಿಕೆ.

ಇದರ ಮೆಕ್ಯಾನಿಕ್ಸ್ ಅರ್ಥ ಮಾಡಿಕೊಳ್ಳಲು ವಾಡಿ ಜಂಕ್ಷನ್ನಿಗೆ ಬನ್ನಿ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಕಾಲದಲ್ಲಿ, 1874ರಲ್ಲಿ ರೈಲು ಶುರುವಾಯಿತು. ಹಳೆಯ ಹಳಿಗಳ ನಡುವೆ ಸಣ್ಣ ಸಂದು ಬಿಡುತ್ತಿದ್ದುದು ಯಾಕೆ ಅಂತ ಎಲ್ಲರಿಗೂ ಗೊತ್ತು. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ. ಉಕ್ಕಿನ ಹಿಗ್ಗುವಿಕೆ ಡಿಗ್ರಿಗೆ ಮೀಟರಿಗೆ ಸುಮಾರು 12 ಮೈಕ್ರೋಮೀಟರ್. ಮಂಜುಗಡ್ಡೆಯದು ಸುಮಾರು 50, ನಾಲ್ಕು ಪಟ್ಟು. 4 ಕಿ.ಮೀ. ಉದ್ದದ ಮಂಜುಗಡ್ಡೆ ಹಾಳೆ 10 ಡಿಗ್ರಿ ತಣ್ಣಗಾದರೆ ಅದು 2 ಮೀಟರ್ ಕುಗ್ಗಬೇಕು. ದಂಡೆ ಬಿಡುವುದಿಲ್ಲ, ಹಾಗಾಗಿ ಹಾಳೆ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ನೀರು ಮೇಲೆ ಬಂದು ಹೆಪ್ಪುಗಟ್ಟುತ್ತದೆ. ಬೆಳಗಾಗಿ ಉಷ್ಣಾಂಶ ಏರಿದಾಗ ಹಾಳೆ ಹಿಗ್ಗಲು ನೋಡುತ್ತದೆ, ಆದರೆ ಸಂದು ತುಂಬಿಹೋಗಿದೆ. ಎರಡು ಕಡೆಯಿಂದ ಒತ್ತಿ ಮಂಜುಗಡ್ಡೆ ಮೇಲಕ್ಕೆ ಮುರಿದು ಏಳುತ್ತದೆ. ಬಿಸಿಲಿಗೆ ಹಳಿ ಬಾಗುವುದಕ್ಕೂ ಇದಕ್ಕೂ ಒಂದೇ ತತ್ವ.

7. 1443ರಿಂದ ಬರೆದುಕೊಂಡು ಬಂದ ಪುಸ್ತಕ

ಮೊದಲು ಹೇಳಿದ ಪುಸ್ತಕ ಇಲ್ಲಿ ಬರುತ್ತದೆ. ಸುವಾ ಕೆರೆ ಯಾವಾಗ ಹೆಪ್ಪುಗಟ್ಟಿತು, ಏಣು ಎದ್ದಿತೋ ಇಲ್ಲವೋ ಅಂತ ಅಲ್ಲಿಯ ಗುಡಿಗಳ ಅರ್ಚಕರು 1443ರಿಂದ ಬರೆದಿಡುತ್ತಾ ಬಂದಿದ್ದಾರೆ. 1443 ಅಂದರೆ ಎಷ್ಟು ಹಿಂದೆ? ನಮ್ಮಲ್ಲಿ ಪ್ರೌಢದೇವರಾಯ ಆಳುತ್ತಿದ್ದ ವಿಜಯನಗರಕ್ಕೆ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಬಂದ ವರ್ಷ. ಅಲ್ಲಿಂದ ಇಲ್ಲಿಗೆ ಸುಮಾರು 580 ವರ್ಷ. 1683ರಿಂದ ಈಚೆಗೆ ಈ ಕೆಲಸ ಯತ್ಸುರುಗಿ ಅನ್ನುವ ಗುಡಿಯದು. ಇವತ್ತಿಗೂ ಜನವರಿ ಮೊದಲ ವಾರದಿಂದ ಫೆಬ್ರವರಿ ಮೊದಲ ವಾರದವರೆಗೆ ಅರ್ಚಕರು, ಊರಿನ ಹಿರಿಯರು ದಿನಾ ಬೆಳಗ್ಗೆ ಆರೂವರೆಗೆ ದಂಡೆಗೆ ಬಂದು ಗಾಳಿಯ, ನೀರಿನ ಉಷ್ಣಾಂಶ ಅಳೆಯುತ್ತಾರೆ. ಅವರ ಚಳಿಗಾಲದ ಬೆಳಗಿನ ವಾಕಿಂಗ್ ಅದು.

2016ರಲ್ಲಿ ವಿಜ್ಞಾನಿಗಳು ಈ ದಾಖಲೆಯನ್ನು ಇಟ್ಟುಕೊಂಡು ಒಂದು ಅಧ್ಯಯನ ಪ್ರಕಟಿಸಿದರು. ಮೊದಲ 250 ವರ್ಷಗಳಲ್ಲಿ ಕೆರೆ ಹೆಪ್ಪುಗಟ್ಟದೆ ಉಳಿದದ್ದು 3 ವರ್ಷ ಮಾತ್ರ. 1955ರಿಂದ 2004ರ ನಡುವಿನ 50 ವರ್ಷಗಳಲ್ಲಿ 12. ಆಮೇಲಿನ ಹತ್ತೇ ವರ್ಷಗಳಲ್ಲಿ, 2014ರವರೆಗೆ, 5. ಓಮಿವತಾರಿ ಕೊನೆಯದಾಗಿ ಕಂಡದ್ದು 2018ರಲ್ಲಿ. ಅಲ್ಲಿಂದ 2025ರ ತನಕ ಒಂದು ವರ್ಷವೂ ಏಳಲಿಲ್ಲ. ಏಳದ ವರ್ಷಕ್ಕೂ ಅವರಲ್ಲಿ ಒಂದು ಹೆಸರಿದೆ: 'ಅಕೆ ನೋ ಉಮಿ', ತೆರೆದ ನೀರು. ಆ ವರ್ಷವೂ ವಿಧಿಪೂರ್ವಕ ಘೋಷಿಸಿ ಪುಸ್ತಕದಲ್ಲಿ ಬರೆಯುತ್ತಾರೆ.

ನನಗೆ ಮುಖ್ಯ ಅನ್ನಿಸಿದ್ದು ಇದು. ಏಣು ಎದ್ದ ವರ್ಷಗಳನ್ನಷ್ಟೇ ಬರೆದಿದ್ದರೆ ಅದು ಒಂದು ಸುಂದರ ಪುರಾಣವಾಗಿ ಉಳಿಯುತ್ತಿತ್ತು. ಏನೂ ಆಗದ ವರ್ಷವನ್ನೂ ಬರೆದದ್ದರಿಂದ ಅದು ಡೇಟಾ ಆಯಿತು. ಬರೆಯಲು ಶುರು ಮಾಡಿದವರಿಗೆ ಹವಾಮಾನ ಬದಲಾವಣೆ ಅನ್ನುವ ಪದ ಗೊತ್ತಿರಲಿಲ್ಲ. ಅದೇ ಅಧ್ಯಯನದಲ್ಲಿ ಬಳಸಿದ ಇನ್ನೊಂದು ದಾಖಲೆ ಫಿನ್ಲೆಂಡ್–ಸ್ವೀಡನ್ ಗಡಿಯ ಟೋರ್ನೆ ನದಿಯದು. ಅಲ್ಲಿ ಮಂಜುಗಡ್ಡೆ ಒಡೆಯುವ ದಿನವನ್ನು 1693ರಲ್ಲಿ ಬರೆಯಲು ಶುರು ಮಾಡಿದ್ದು ಒಬ್ಬ ವ್ಯಾಪಾರಿ. ಈ ಕೆಲಸಕ್ಕೆ ಡಿಗ್ರಿ ಬೇಕಿಲ್ಲ ಅಂತಾಯಿತು.

8. ಹೋಮ್‌ವರ್ಕ್: ನಮ್ಮ ಕೆರೆಗೆ ಒಂದು ನೋಟ್‌ಬುಕ್

ಬರೆದಿಡುವುದು ನಮ್ಮ ಭಾಗಕ್ಕೆ ಹೊಸದೇನಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಅಶೋಕನ ಶಾಸನ ಸಿಕ್ಕಿದೆ. ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ದಂಡೆಯ ಆ ಊರು, ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಕವಿರಾಜಮಾರ್ಗ ಹುಟ್ಟಿದ್ದು ನೃಪತುಂಗನ ಆಸ್ಥಾನದಲ್ಲಿ. 'ಗಣಿತಸಾರಸಂಗ್ರಹ' ಬರೆದ ಮಹಾವೀರಾಚಾರ್ಯ ಇದ್ದದ್ದೂ ಅದೇ ಅರಸನ ಕಾಲದಲ್ಲಿ. ಅಕ್ಷರ ಮತ್ತು ಲೆಕ್ಕ ಎರಡೂ ಇದ್ದ ಊರಿನವರು ನಾವು.

ಹವಾಮಾನದ ಯಂತ್ರಗಳು ಈಗ ಹೋಬಳಿ ಮಟ್ಟದಲ್ಲೂ ಇವೆ, ಗಾಳಿಯ ಲೆಕ್ಕ ಅವು ಇಡುತ್ತವೆ. ಆದರೆ ಕೆರೆ ದಂಡೆಯಲ್ಲಿ ನಿಂತು ಇವತ್ತು ಮಂಜು ಇತ್ತೇ, ಎಷ್ಟು ಹೊತ್ತು ಇತ್ತು, ನೀರು ಎಷ್ಟು ಬೆಚ್ಚಗಿತ್ತು ಅಂತ ನೋಡಲು ಮನುಷ್ಯ ಬೇಕು. 'ಮೊದಲೆಲ್ಲ ಇಷ್ಟು ಮಂಜು ಬೀಳ್ತಿರಲಿಲ್ಲ' ಅಂತ ಒಬ್ಬ ರೈತ ಅಂದರೆ, 'ಇಲ್ಲ, ಇನ್ನೂ ಜಾಸ್ತಿ ಬೀಳ್ತಿತ್ತು' ಅಂತ ಇನ್ನೊಬ್ಬ ಅನ್ನುತ್ತಾನೆ. ಇಬ್ಬರಲ್ಲಿ ಯಾರು ಸರಿ ಅಂತ ಹೇಳಲು ಯಾರ ಮನೆಯಲ್ಲೂ ಪುಸ್ತಕ ಇಲ್ಲ. ತೊಗರಿ ಹೂವಿನ ವಿಷಯ ಬಂದಾಗ ಇದು ಹರಟೆಯ ಜಗಳ ಅಲ್ಲ, ಒಂದು ವರ್ಷದ ದುಡಿಮೆ.

ಡಿಸೆಂಬರ್–ಜನವರಿಯಲ್ಲಿ ರಜೆಗೆ ಊರಿಗೆ ಹೋಗುವವರು ಹೀಗೆ ಮಾಡಬಹುದು:

ಜಾಗ: ನಿಮ್ಮ ಊರಿನ ಒಂದೇ ಕೆರೆ, ದಂಡೆಯ ಒಂದೇ ಜಾಗ. ಪ್ರತಿದಿನ ಬದಲಾಯಿಸಬೇಡಿ. ಚಂದ್ರಂಪಳ್ಳಿ ಇರುವುದು 2011ರಲ್ಲಿ ಘೋಷಿತವಾದ ಚಿಂಚೋಳಿ ವನ್ಯಜೀವಿ ಧಾಮದಲ್ಲಿ. ಅಲ್ಲಿಗೆ ಹೋಗುವವರು ಅರಣ್ಯ ಇಲಾಖೆಯ ಅನುಮತಿ ತಗೊಂಡೇ ಹೋಗಿ. ಗಣಿ ಗುಂಡಿ ಬೇಡ.

ಸಮಯ: ಸೂರ್ಯೋದಯದ ಹೊತ್ತು. ಜನವರಿಯಲ್ಲಿ ನಮ್ಮಲ್ಲಿ ಅದು ಸುಮಾರು 6.50. ನೆಲ ಬಿಸಿಲಿನಿಂದ ಪಡೆಯುವ ಶಾಖ ಕಳಕೊಳ್ಳುವ ಶಾಖವನ್ನು ಮೀರುವ ತನಕ ಥಂಡಿ ಇಳಿಯುತ್ತಲೇ ಇರುತ್ತದೆ. ಹಾಗಾಗಿ ದಿನದ ಅತಿ ಕಡಿಮೆ ಉಷ್ಣಾಂಶ ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿಗೆ ಬರುತ್ತದೆ.

ಸಾಮಾನು: ಒಂದು ಸಾದಾ ಲ್ಯಾಬ್ ಥರ್ಮಾಮೀಟರ್, ಹಗ್ಗ, ಕಲ್ಲು ಕಟ್ಟಿದ ಬಾಟಲಿ, ನೋಟ್‌ಬುಕ್.

ಅಳತೆ: ಗಾಳಿಯ ಉಷ್ಣಾಂಶ, ನೆಲದಿಂದ ಒಂದೂಕಾಲು ಮೀಟರ್ ಎತ್ತರದಲ್ಲಿ. ನೀರಿನ ಮೇಲ್ಮೈ ಉಷ್ಣಾಂಶ. ಮೆಟ್ಟಿಲು ಅಥವಾ ಕಟ್ಟೆಯಂಥ ಭದ್ರ ಜಾಗ ಇದ್ದರೆ ಮಾತ್ರ ಬಾಟಲಿ ಇಳಿಸಿ ತಳದ ನೀರು ತೆಗೆದು ತಕ್ಷಣ ಅಳೆಯಿರಿ. ಮೇಲಿನದು, ಕೆಳಗಿನದು ಒಂದೇ ಬಂದರೆ ಕೆರೆ ಮಗುಚಿದೆ ಅಂತ ಅರ್ಥ. ಒಬ್ಬರೇ ಹೋಗಬೇಡಿ.

ನೋಟ: ನೀರಿನ ಮೇಲೆ ಹೊಗೆ ಇತ್ತೇ? ಹೊಲದ ಮೇಲೆ ಮಂಜು ಇತ್ತೇ? 100 ಮೀಟರ್ ದೂರದ ಮರ ಕಂಡಿತೇ? ಎಷ್ಟು ಗಂಟೆಗೆ ತಿಳಿಯಾಯಿತು? ತೊಗರಿ ಯಾವ ಹಂತದಲ್ಲಿದೆ?

ಏನೂ ಇಲ್ಲದ ದಿನ 'ಇಲ್ಲ' ಅಂತ ಬರೆಯಿರಿ. ಪುಟ ಖಾಲಿ ಬಿಟ್ಟರೆ ಮಂಜು ಇರಲಿಲ್ಲವೋ, ನೀವು ಎದ್ದಿರಲಿಲ್ಲವೋ ಅಂತ ಮುಂದೆ ಯಾರಿಗೂ ಗೊತ್ತಾಗುವುದಿಲ್ಲ.

ಒಂದು ವರ್ಷದ ನೋಟ್‌ಬುಕ್‌ನಿಂದ ದೊಡ್ಡ ತೀರ್ಮಾನ ಏನೂ ಸಿಗುವುದಿಲ್ಲ. ಗಾಳಿಯ ಕಾಲಮ್ ದಿನ ದಿನ ಕುಣಿಯುತ್ತದೆ. ಆದರೆ ನೀರಿನ ಕಾಲಮ್ ನಿಧಾನಕ್ಕೆ ನಡೆಯುತ್ತದೆ, ಕೆರೆ ದೊಡ್ಡ ಕೆಪಾಸಿಟರ್ ಅಂದೆವಲ್ಲ, ಅದಕ್ಕೆ. ಹತ್ತು ವರ್ಷದ ನೀರಿನ ಕಾಲಮ್ ಇದ್ದರೆ ಮಾತಾಡಲು ಏನೋ ಇರುತ್ತದೆ. ನಾವು ನಾಲ್ಕು ವರ್ಷದಲ್ಲಿ ಕ್ಯಾಂಪಸ್ ಬಿಟ್ಟು ಹೋಗ್ತೀವಿ. ಹಾಗಾಗಿ ನೋಟ್‌ಬುಕ್ ಜೂನಿಯರ್‌ಗೋ, ಊರಿನ ಹೈಸ್ಕೂಲಿನ ವಿಜ್ಞಾನ ಶಿಕ್ಷಕರಿಗೋ ಕೊಟ್ಟು ಹೋಗಬೇಕು. ಸುವಾದಲ್ಲಿ 580 ವರ್ಷ ನಡೆದದ್ದೂ ಒಬ್ಬರು ಇನ್ನೊಬ್ಬರಿಗೆ ಕೊಟ್ಟಿದ್ದರಿಂದಲೇ.

ಈ ಚಳಿಗಾಲ ಶುರು ಮಾಡುವವರು ಜನವರಿ ಕೊನೆಗೆ ನಿಮ್ಮ ಪುಟಗಳನ್ನು ಕನ್ನಡ ಸಂಘಕ್ಕೆ ತಂದುಕೊಡಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಐದು ಊರಿನ ಐದು ಕೆರೆ ಸಿಕ್ಕರೂ ಒಂದೇ ಗ್ರಾಫಿನಲ್ಲಿ ಹಾಕಿ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕೋಣ.